ಜೀಪಿನ ಅಡಿಯ ಬಣ್ಣ

ಬಟವಾಡಿಯಲ್ಲಿ, ಹೈವೇ ಪಕ್ಕದ ಒಂದು ಕಟ್ಟಡದ ಮಹಡಿಯಲ್ಲಿ, ನಾನು ಹಲ್ಲು ಮಾಡುವ ಕೆಲಸ ಮಾಡುತ್ತೇನೆ. ದಂತವೈದ್ಯರು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ. ನಮ್ಮ ಲ್ಯಾಬಿನಲ್ಲಿ ಆ ಅಚ್ಚಿಗೆ ಹಲ್ಲು ಕೂರಿಸಿ, ಬಣ್ಣ ಕೊಟ್ಟು, ಸಣ್ಣ ಕುಲುಮೆಯಲ್ಲಿ ಸುಟ್ಟು ವಾಪಸ್ ಕಳಿಸುತ್ತೇವೆ. ಅಚ್ಚ ಬಿಳಿಯ ಹಲ್ಲು ಯಾರ ಬಾಯಲ್ಲೂ ನಿಜ ಅನ್ನಿಸುವುದಿಲ್ಲ. ಒಸಡಿನ ಹತ್ತಿರ ತುಸು ಹಳದಿ, ತುದಿಯಲ್ಲಿ ಬೂದು ನೆರಳು, ಎಲೆ ಅಡಿಕೆ ಹಾಕುವವರಿಗಾದರೆ ಸಂದಿಯಲ್ಲಿ ಕೂದಲೆಳೆಯಷ್ಟು ಕಂದು ಗೆರೆ. ಇಷ್ಟು ಕೊಟ್ಟ ಮೇಲೆಯೇ ಅದು ಊಟ ಮಾಡಿದ ಹಲ್ಲಿನ ಹಾಗೆ ಕಾಣುವುದು. ಈ ಕೆಲಸದ ಅಭ್ಯಾಸವೇ ನನ್ನನ್ನು ಜೀಪಿನ ಹೊಟ್ಟೆಯೊಳಕ್ಕೆ ಎಳೆದುಕೊಂಡು ಹೋಯಿತು.

ಜೀಪು ಬಂದದ್ದು ಡಬ್ಬಿಯಲ್ಲಿ. ನನ್ನ ಗಂಡ ಆನ್‌ಲೈನಿನಲ್ಲಿ ತರಿಸಿಕೊಂಡಿದ್ದ. ಆಟಿಕೆ ಅಂದರೆ ಅವನಿಗೆ ಬೇಜಾರು, ಸ್ಕೇಲ್ ಮಾಡೆಲ್ ಅನ್ನಬೇಕು. ನಿಜವಾದ ಗಾಡಿಯನ್ನು ಅಳತೆ ತಪ್ಪದ ಹಾಗೆ ಅಂಗೈಯಷ್ಟಕ್ಕೆ ಇಳಿಸಿ, ಬಿಡಿ ಬಿಡಿ ಪ್ಲಾಸ್ಟಿಕ್ ಭಾಗಗಳಾಗಿ ಕೊಟ್ಟಿರುತ್ತಾರೆ. ಅಂಟಿಸಿ ಬಣ್ಣ ಹಚ್ಚುವುದು ನಮ್ಮ ಪಾಲು. ಅವನು ಒಂದು ಭಾನುವಾರ ಬೆಳಗ್ಗೆ ಉತ್ಸಾಹದಿಂದ ಕೂತ. ತಿಂಡಿ ಆಗುವಷ್ಟರಲ್ಲಿ ಸ್ಟೀರಿಂಗ್ ಚಕ್ರ ಅವನ ಹೆಬ್ಬೆರಳಿಗೆ ಅಂಟಿಕೊಂಡಿತ್ತು.

"ಇದು ನನ್ ಕೈಲಾಗಲ್ಲ ಕಣೇ. ದಿನಾ ಇಂಥದ್ದೇ ತಾನೆ ನೀನ್ ಮಾಡೋದು, ನೀನೇ ನೋಡು" ಅಂದ.

ನಾನು ಚಾಸಿಯಿಂದ ಶುರು ಮಾಡಿದೆ. ಚಾಸಿ ಅಂದರೆ ಗಾಡಿಯ ಬೆನ್ನೆಲುಬು. ಎರಡು ಉದ್ದದ ಉಕ್ಕಿನ ತೊಲೆ, ನಡುವೆ ಅಡ್ಡಪಟ್ಟಿಗಳು, ಅವುಗಳಿಗೆ ತೂಗಿಬಿದ್ದ ಎಂಜಿನ್ನು, ಗೇರ್‌ಬಾಕ್ಸು, ಸೈಲೆನ್ಸರ್ ಕೊಳವೆ. ಡಬ್ಬಿಯ ಜೊತೆ ಬಂದ ಕಾಗದದಲ್ಲಿ ಈ ಭಾಗಕ್ಕೆಲ್ಲ ಒಂದೇ ಮಾತು ಬರೆದಿದ್ದರು: ಕಪ್ಪು. ಕಪ್ಪು ಹಚ್ಚಿದೆ. ಒಣಗಿದ ಮೇಲೆ ತಿರುಗಿಸಿ ನೋಡಿದರೆ ಅಚ್ಚ ಬಿಳಿ ಹಲ್ಲನ್ನು ನೋಡಿದ ಹಾಗಾಯಿತು. ತಪ್ಪೇನಿಲ್ಲ, ಆದರೆ ಈ ಗಾಡಿ ಎಲ್ಲಿಗೂ ಹೋಗಿ ಬಂದದ್ದಲ್ಲ.

ಹಾಗಾದರೆ ಹೋಗಿ ಬಂದ ಗಾಡಿಯ ಅಡಿಯಲ್ಲಿ ಏನಿರುತ್ತದೆ? ನನಗೆ ಗೊತ್ತಿರಲಿಲ್ಲ. ಇಷ್ಟು ವರ್ಷ ಹೈವೇ ಪಕ್ಕದಲ್ಲೇ ಕೆಲಸ ಮಾಡಿದರೂ ಒಂದು ಸಲವೂ ಬಗ್ಗಿ ನೋಡಿರಲಿಲ್ಲ. ಅಂದಿನಿಂದ ಬಗ್ಗತೊಡಗಿದೆ. ಪಂಕ್ಚರ್ ಅಂಗಡಿಯ ಮುಂದೆ ಜಾಕ್ ಹಾಕಿ ನಿಲ್ಲಿಸಿದ ಕಾರು, ಸ್ಟ್ಯಾಂಡಿನಲ್ಲಿ ಮಗ್ಗುಲಿಗೆ ಒರಗಿಸಿ ರಿಪೇರಿ ಮಾಡುತ್ತಿದ್ದ ಆಟೋ, ಟೀ ಕುಡಿಯಲು ನಿಂತ ಲಾರಿ. ಒಂದರಲ್ಲೂ ಬರಿಯ ಕಪ್ಪು ಕಾಣಲಿಲ್ಲ. ಬೂದು, ಕಂದು, ಕಿತ್ತಳೆ, ಎಣ್ಣೆ ಸೋರಿದ ಕಡೆ ಮಿರುಗುವ ಕಾಡಿಗೆ, ಬಿಸಿಗೆ ಸಿಕ್ಕಿ ನೇರಳೆಗೆ ತಿರುಗಿದ ಕೊಳವೆ. "ಜನ ನೋಡ್ತವ್ರೆ, ಏಳೇ ಮೇಲೆ" ಎಂದು ಗಂಡ ನನ್ನ ಬ್ಯಾಗು ಹಿಡಿದುಕೊಂಡು ಆ ಕಡೆ ಮುಖ ಮಾಡಿ ನಿಲ್ಲುತ್ತಿದ್ದ.

ನೋಡನೋಡುತ್ತ ಒಂದು ಆಸೆ ಹುಟ್ಟಿತು. ಡಬ್ಬಿಯಲ್ಲಿ ಬಂದ ಜೀಪನ್ನು ಯಾವುದೋ ಒಂದು ಜೀಪು ಮಾಡುವ ಬದಲು ದೊಡ್ಡಮ್ಮನ ಜೀಪೇ ಮಾಡಿದರೆ?

ದೊಡ್ಡಮ್ಮ ನನ್ನ ಅಮ್ಮನ ಅಕ್ಕ. ಗುಬ್ಬಿಯಲ್ಲಿ ಇರುತ್ತಾರೆ. ಇಡೀ ಜಿಲ್ಲೆಯಲ್ಲಿ ದನದ ಡಾಕ್ಟರಾಗಿ ಓಡಾಡಿದವರು. ಊರ್ಡಿಗೆರೆ ಸುತ್ತ ಒಂದಷ್ಟು ವರ್ಷ, ಕುಣಿಗಲ್ ಕಡೆ ಒಂದಷ್ಟು ವರ್ಷ, ಕೊನೆಗೆ ಗುಬ್ಬಿಗೆ ಬಂದು ರಿಟೈರ್ ಆದರು. ಹೆಂಗಸು ಜೀಪು ಓಡಿಸಿಕೊಂಡು ಬಂದು ಹಸುವಿನ ಹೊಟ್ಟೆಗೆ ಕೈ ಹಾಕುವುದನ್ನು ನೋಡಲು ಹಳ್ಳಿಗಳಲ್ಲಿ ಜನ ಸೇರುತ್ತಿದ್ದರಂತೆ. ಆ ಸರ್ಕಾರಿ ಜೀಪು ಹರಾಜಿಗೆ ಬಂದಾಗ ತಾವೇ ಕೊಂಡುಕೊಂಡರು. ಈಗಲೂ ಬೆಳಗ್ಗೆ ಅದರಲ್ಲೇ ತೆಂಗಿನ ತೋಟಕ್ಕೆ ಹೋಗಿ ಬರುತ್ತಾರೆ.

ಫೋನು ಮಾಡಿದೆ. "ದೊಡ್ಡಮ್ಮ, ನಿನ್ ಜೀಪಿನ ಅಡಿ ನೋಡ್ಬೇಕಿತ್ತು."

"ಅಡಿಯಲ್ಲಿ ಏನೈತೆ ನೋಡೋಕೆ?"

"ಅದನ್ನೇ ನೋಡ್ಬೇಕು."

"ಶನಿವಾರ ಬಾ. ತುಕ್ಕು ಹಿಡ್ದೈತೆ, ತೊಳ್ಸಿ ಪೇಂಟ್ ಹೊಡೀಬೇಕು ಅಂತ ಮೆಕ್ಯಾನಿಕ್ ಕರೀತಾವ್ನೆ. ಹೆಂಗೂ ಮೇಲಕ್ಕೆ ಎತ್ತುತಾನೆ" ಅಂದರು.

ಗುಬ್ಬಿಯ ಆ ಗ್ಯಾರೇಜಿನಲ್ಲಿ ಹೊಸದಾಗಿ ಲಿಫ್ಟು ಹಾಕಿಸಿದ್ದರು. ಎರಡು ಕಂಬ, ನಾಲ್ಕು ತೋಳು. ಮೆಕ್ಯಾನಿಕ್ ನಡುವಯಸ್ಸಿನವರು, ಮಾತು ಕಮ್ಮಿ. ಗುಂಡಿ ಒತ್ತಿದರು. ಜೀಪು ಗುರ್ ಎನ್ನುತ್ತ ನೆಲ ಬಿಟ್ಟಿತು. ಚಕ್ರಗಳು ಜೋಲುಬಿದ್ದವು. ಮೊಣಕಾಲು, ಸೊಂಟ, ಎದೆ ದಾಟಿ ನಮ್ಮ ತಲೆಯ ಮೇಲಕ್ಕೆ ಹೋಗಿ ನಿಂತಿತು. ನಾನು ಕೆಳಗೆ ಹೋಗಿ ನಿಂತು ಕತ್ತೆತ್ತಿದೆ.

ಏನು ಹೇಳಲಿ. ಹಳೆಯ ಗುಡಿಯೊಳಗೆ ಹೋಗಿ ಚಾವಣಿ ನೋಡಿದಾಗ ಮಾತು ನಿಲ್ಲುವುದಿಲ್ಲವೇ, ಹಾಗಾಯಿತು. ಬೆಳಗಿನ ಬಿಸಿಲು ಬಾಗಿಲಿನಿಂದ ಅಡ್ಡಲಾಗಿ ಬಂದು ಆ ಇಡೀ ಅಡಿಯನ್ನು ಬೆಳಗಿತ್ತು. ಮಡ್‌ಗಾರ್ಡಿನ ಒಳಮೈಯಲ್ಲಿ ಮಣ್ಣು ಬರಿಯ ಕೊಳೆಯಾಗಿ ಅಂಟಿರಲಿಲ್ಲ. ಪದರ ಪದರವಾಗಿ ಕೂತಿತ್ತು. ಒಂದು ಕಡೆ ಒಂದು ಹೆಂಟೆ ಕಳಚಿ ಬಿದ್ದು, ಒಡೆದ ಜಾಗದಲ್ಲಿ ಗೆರೆಗಳು ಕಾಣುತ್ತಿದ್ದವು. ಕೆಂಪು, ಅದರ ಕೆಳಗೆ ಬೂದಿ ಬಣ್ಣದ ಕೆರೆಗೋಡು ಮಣ್ಣು, ಮತ್ತೆ ಕೆಂಪು, ಎಲ್ಲೋ ತೆಳ್ಳಗೆ ಬಿಳಿ. ಗೇರ್‌ಬಾಕ್ಸಿನ ಸುತ್ತ ಎಣ್ಣೆ ಸೋರಿ, ಧೂಳು ಕುಡಿದು, ಕರಿ ವೆಲ್ವೆಟ್ಟಿನ ಹಾಗಾಗಿತ್ತು. ಸ್ಪ್ರಿಂಗ್ ಪಟ್ಟಿಗಳು ಒಂದಕ್ಕೊಂದು ಉಜ್ಜಿ ಉಜ್ಜಿ ಅಂಚಿನಲ್ಲಿ ಮಾತ್ರ ಬೆಳ್ಳಿ. ಸೈಲೆನ್ಸರ್ ಅಂತೂ ಸುಲಿದ ಅಡಿಕೆಯ ಬಣ್ಣದಿಂದ ಹಿಡಿದು ಕುಂಕುಮದವರೆಗೆ ಎಲ್ಲ ಬಣ್ಣಕ್ಕೂ ತಿರುಗಿತ್ತು. ಅಡ್ಡಪಟ್ಟಿಯ ಮೂಲೆಯಲ್ಲಿ ಕಣಜ ಮಣ್ಣಿನ ಗೂಡು ಕಟ್ಟಿ ಹಾರಿಹೋಗಿತ್ತು. ಇಷ್ಟೆಲ್ಲ ನಡೆದಿದೆ, ಯಾರೂ ನೋಡುವ ಜಾಗವಲ್ಲ, ಯಾರೂ ಬೇಕೆಂದು ಮಾಡಿದ್ದಲ್ಲ.

ಪಕ್ಕದಲ್ಲಿ ಯಾರೋ ಉಸಿರಾಡಿದ್ದು ಕೇಳಿ ತಿರುಗಿದೆ. ದೊಡ್ಡಮ್ಮ ಬಂದು ನಿಂತಿದ್ದರು. ಕನ್ನಡಕ ಹಣೆಗೆ ಏರಿಸಿ, ಮತ್ತೆ ಇಳಿಸಿ, ಮೇಲೆ ನೋಡುತ್ತಿದ್ದರು.

"ದನದ ಹೊಟ್ಟೆ ಅಡೀಲೇ ಜೀವನ ಕಳ್ದೋಯ್ತು ನಂದು" ಅಂದರು. "ನನ್ನ ಹೊತ್ಕೊಂಡು ತಿರುಗಿದ್ದರ ಹೊಟ್ಟೆ ಒಂದಿನಾನೂ ನೋಡಿರ್ಲಿಲ್ಲ ನೋಡು."

ಕೈಯೆತ್ತಿ ಒಡೆದ ಮಣ್ಣನ್ನು ಮುಟ್ಟಿದರು. ಬೆರಳಿನಲ್ಲಿ ಪುಡಿ ಮಾಡಿ ನೋಡಿದರು. ಯಾವ ಊರಿನದು ಎಂದು ನಾನು ಕೇಳಿದೆ. "ಮಣ್ಣು ನೋಡಿ ಊರ್ ಹೇಳೋಷ್ಟು ನಂಗೊತ್ತಿಲ್ಲ. ಎಲ್ಲಾ ಊರಿಂದೂ ಇರ್ತದೆ ಬುಡು" ಅಂದವರು, ನಡೆಯುತ್ತ ನಡೆಯುತ್ತ ಹಿಂದಿನ ಅಡ್ಡಪಟ್ಟಿಯ ಹತ್ತಿರ ನಿಂತುಬಿಟ್ಟರು. ಅಲ್ಲಿ ತೊಲೆ ಸ್ವಲ್ಪ ಒಳಕ್ಕೆ ತಗ್ಗಿತ್ತು. ತಗ್ಗಿನ ಮೇಲೆ ಒರಟಾಗಿ ವೆಲ್ಡಿಂಗ್ ಮಾಡಿದ ಒಂದು ತೇಪೆ.

"ಇದು ಮಾತ್ರ ಗೊತ್ತು. ಇದು ಕುಣಿಗಲ್ ಕಡೇದು."

ತೇಪೆಯ ಮೇಲೆ ಬೆರಳಿಟ್ಟು ಅವರೇ ಹೇಳಿದರು.

"ಒಂದು ಹಳ್ಳಿಲಿ ಹಸ ಕರು ಹಾಕೋಕಾಗ್ದೆ ಒದ್ದಾಡ್ತೈತೆ ಅಂತ ಸೈಕಲ್ಲಲ್ಲಿ ಒಬ್ರು ಬಂದ್ರು. ಕರು ಅಡ್ಡ ಸಿಕ್ಕಾಕ್ಕೊಂಡಿತ್ತು. ಹೋದ್ರೆ ಕೆರೆ ಕೋಡಿ ಬಿದ್ದು ದಾರಿ ಮೇಲೆ ನೀರು. ಇಳಿಸ್ದೆ. ಮಧ್ಯಕ್ಕೆ ಹೋಗಿ ಕಲ್ಲಿನ ಮೇಲೆ ಕೂತ್ಕೊಂತು ಜೀಪು. ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ."

"ಆಮೇಲೆ?"

"ಆಕಡೆ ದಡದಲ್ಲಿ ಕಾಯ್ತಿದ್ರಲ್ಲ, ಎಲ್ಲಾ ಬಂದ್ರು. ಗಂಡಸ್ರು, ಹೆಂಗಸ್ರು. ಬಿದ್ದಿದ್ದ ತೆಂಗಿನ ಮರದ ತುಂಡು ತಂದು ಇಲ್ಲಿಗೆ, ಈ ಜಾಗಕ್ಕೆ ಕೊಟ್ಟು ಮೀಟಿದ್ರು. ನಾನು ಇಳಿಯೋಕೆ ಹೋದ್ರೆ, ಕೂತ್ಕಳಿ ಡಾಕ್ಟ್ರಮ್ಮ, ನೀವ್ ನೆಂದ್ರೆ ಔಷಧಿನೂ ನೆನೀತದೆ ಅಂದ್ರು. ಸ್ಟೀರಿಂಗ್ ಹಿಡ್ಕೊಂಡು ಕೂತಿದ್ದೆ. ಗಾಡಿ ಹಂಗೇ ಮೇಲಕ್ಕೆದ್ದು ಆಚೆ ಹೋಯ್ತು. ಯಾರು ಎತ್ತಿದ್ರು, ಅವ್ರ ಮುಖ ಏನು, ನಾನ್ ನೋಡ್ಲೇ ಇಲ್ಲ. ತಲೆ ಮಾತ್ರ ಕಾಣ್ತಿತ್ತು ನೀರಲ್ಲಿ."

"ಕರು?"

"ಬದುಕ್ತು. ಹಸನೂ ಬದುಕ್ತು."

ಮೆಕ್ಯಾನಿಕ್ ಕೂಡ ಕೈಯಲ್ಲಿದ್ದ ಪೈಪು ಕೆಳಗಿಟ್ಟು ಆ ತೇಪೆಯನ್ನು ನೋಡಿದರು. ಆಮೇಲೆ ಮೆಲ್ಲಗೆ, "ತೊಳೀಲೇಬೇಕು ಮೇಡಂ. ಮಣ್ಣು ನೀರ್ ಹಿಡ್ಕೊಂಡು ತೊಲೆ ತಿಂತೈತೆ. ಇನ್ನೊಂದು ಮಳೆಗಾಲಕ್ಕೆ ಬಿಟ್ರೆ ಕಷ್ಟ" ಅಂದರು.

ಈಗ ತಾನೇ ನೋಡಿದ್ದೇನೆ, ಈಗಲೇ ಹೋಗಿಬಿಡುತ್ತದೆ. ಬೇಡ ಎನ್ನಲು ಬಾಯಿ ತೆರೆದೆ. ದೊಡ್ಡಮ್ಮ ನನಗಿಂತ ಮೊದಲೇ, "ತೊಳೀರಿ. ಗಾಡಿ ಓಡಾಡ್ಬೇಕು" ಅಂದರು. ನಾನು ಸ್ವಲ್ಪ ಸಮಯ ಕೇಳಿಕೊಂಡೆ. ಮೊಬೈಲಿನಲ್ಲಿ ಇಂಚಿಂಚೂ ಫೋಟೋ ತೆಗೆದೆ. ಪಕ್ಕದ ಬೇಕರಿಯಿಂದ ಸಣ್ಣ ಡಬ್ಬಿಗಳನ್ನು ತಂದು ಒಂದೊಂದು ಬಣ್ಣದ ಮಣ್ಣನ್ನು ಕೆರೆದು ತುಂಬಿಕೊಂಡೆ. ದೊಡ್ಡಮ್ಮ ಡಬ್ಬಿ ಹಿಡಿದು ನಿಂತರು.

ಆಮೇಲೆ ನೀರು ಬಿಟ್ಟರು. ಅದೂ ನಾನು ಅಂದುಕೊಂಡ ಹಾಗಿರಲಿಲ್ಲ. ಮೊದಲು ನೆಲದ ಮೇಲೆ ಕೆಂಪು ಹರಿಯಿತು, ಅದರ ಹಿಂದೆ ಬೂದು, ಮತ್ತೆ ಕೆಂಪು. ದೊಡ್ಡಮ್ಮ ಓಡಾಡಿದ ವರ್ಷಗಳು ಹಿಂದುಮುಂದಾಗಿ ಇಳಿದು ಚರಂಡಿಗೆ ಹೋಗುತ್ತಿರುವ ಹಾಗೆ ಕಂಡಿತು. ಕಡೆಗೆ ತೊಲೆಯ ಒಳಮೂಲೆಯಲ್ಲಿ ಹಸಿರು ಮೂಡಿತು. ಕಾರ್ಖಾನೆಯಲ್ಲಿ ಹೊಡೆದಿದ್ದ ಮೊದಲ ಬಣ್ಣ. ಎಳೆ ಬಾಳೆ ಎಲೆಯಷ್ಟು ತಾಜಾ. ಅಷ್ಟು ಕಾಲದ ಮಣ್ಣು ಅದನ್ನು ಬಿಸಿಲಿಗೆ ತೋರಿಸದೆ ಕಾಪಾಡಿತ್ತು. "ಜೀಪು ಮೊದ್ಲು ಹಸ್ರಿತ್ತು ಅನ್ನೋದೇ ಗೊತ್ತಿರ್ಲಿಲ್ಲ" ಅಂದರು ದೊಡ್ಡಮ್ಮ. ಅವರ ಕೈಗೆ ಬಂದಾಗಿನಿಂದ ಅದು ಬಿಳಿಯ ಜೀಪು.

ಮನೆಗೆ ಬಂದು ನನ್ನ ಚಾಸಿಯ ಕಪ್ಪನ್ನು ಪೂರ್ತಿ ಒರೆಸಿ ಹಾಕಿದೆ. ಈ ಸಲ ಜೀಪಿಗೆ ಏನೇನು ಆಯಿತೋ ಅದೇ ಕ್ರಮದಲ್ಲಿ ಮಾಡಬೇಕು ಅನ್ನಿಸಿತು. ಮೊದಲು ಹಸಿರು. ಅದರ ಮೇಲೆ ಸ್ಪಂಜಿನ ಚೂರಿನಿಂದ ಅಲ್ಲಲ್ಲಿ ತಟ್ಟಿದ ತುಕ್ಕು, ಗಾಢ ಕಂದಿನಿಂದ ಕಿತ್ತಳೆಯವರೆಗೆ. ತೆಳ್ಳಗೆ ಕಲಸಿದ ಎಣ್ಣೆಬಣ್ಣವನ್ನು ಸಂದಿಗಳಿಗೆ ಬಿಟ್ಟರೆ ಅದು ತಾನೇ ಹರಿದು ಮೂಲೆಗಳಲ್ಲಿ ನಿಲ್ಲುತ್ತದೆ. ಹಲ್ಲಿನ ಸಂದಿಗೂ ನಾವು ಮಾಡುವುದು ಇದನ್ನೇ. ಕುಣಿಗಲ್ಲಿನ ತಗ್ಗನ್ನು ಲ್ಯಾಬಿನಲ್ಲಿ ಮೇಣ ಕರಗಿಸುವ ಬಿಸಿ ಚಾಕುವಿನಿಂದ ಒತ್ತಿ ಮಾಡಿದೆ. ತೇಪೆಗೆ ಮಾತ್ರೆಯ ಪಟ್ಟಿಯ ಬೆಳ್ಳಿ ಹಾಳೆಯ ಚೂರು.

ಮಣ್ಣು ಮಾತ್ರ ಕಾಡಿಸಿತು. ಡಬ್ಬಿಯಲ್ಲಿದ್ದ ನಿಜವಾದ ಮಣ್ಣನ್ನು ಹಚ್ಚಿದರೆ ಪುಟ್ಟ ಜೀಪಿನ ಮೇಲೆ ಅದರ ಕಣಗಳು ಬಂಡೆಯ ಹಾಗೆ ಕಂಡವು. ಕಲ್ಲಿನಲ್ಲಿ ಅರೆದು, ಹಳೆಯ ಸೀರೆಯ ಬಟ್ಟೆಯಲ್ಲಿ ಸೋಸಿದೆ. ಈ ಸಲ ಕಣ ಸರಿಹೋಯಿತು, ಆದರೆ ಅಂಟಲೆಂದು ಹಚ್ಚಿದ ವಾರ್ನಿಷ್ ತಾಗಿದ ಕೂಡಲೇ ಎಲ್ಲ ಬಣ್ಣವೂ ಕಪ್ಪಾಗಿ ಒಂದೇ ಆಯಿತು. ತೊಳೆದು ಮತ್ತೆ ಹಚ್ಚಿದೆ. ಬರೀ ನೀರಿಗೆ ಒಂದಿಷ್ಟು ಅಂಟು ಬೆರೆಸಿ, ಒಂದು ಪದರ ಒಣಗಿದ ಮೇಲೆ ಇನ್ನೊಂದು. ಕೆಂಪು, ಕೆರೆಗೋಡು, ಕೆಂಪು. ಪ್ರತಿ ಭಾನುವಾರ ಕಿಟಕಿಯ ಬೆಳಕಿನಲ್ಲಿ ಕೂತು ಮಾಡುತ್ತಿದ್ದೆ. ಜೀಪಿಗೆ ಅದೆಷ್ಟೋ ಮಳೆಗಾಲ ಹಿಡಿದ ಕೆಲಸವನ್ನು ನಾನು ಕೂದಲಿನ ಕುಂಚದಲ್ಲಿ ಮಾಡುತ್ತಿದ್ದೇನೆ ಅನ್ನುವುದು ಕೈಗೆ ಗೊತ್ತಾಗುತ್ತಿತ್ತು. ಎಷ್ಟು ಮಾಡಿದರೂ ಅದರ ಧಾರಾಳ ನನ್ನ ಕೈಗೆ ಬರಲಿಲ್ಲ. ಹತ್ತಿರ ಬಂತು ಅಷ್ಟೆ.

ಮುಗಿದ ಮೇಲೆ ರಟ್ಟಿನ ಡಬ್ಬಿಯಲ್ಲಿ ಹತ್ತಿ ಹಾಸಿ ಗುಬ್ಬಿಗೆ ತೆಗೆದುಕೊಂಡು ಹೋದೆ. ದೊಡ್ಡಮ್ಮ ಜೀಪಿನ ಬಿಳಿ ಮೈ ನೋಡಿ "ಚೆನ್ನಾಗೈತೆ" ಅಂದರು, ನೆಂಟರ ಮನೆಯಲ್ಲಿ ಉಪ್ಪಿಟ್ಟಿಗೆ ಹೇಳುವ ಹಾಗೆ. "ತಿರುಗ್ಸು" ಅಂದೆ.

ತಿರುಗಿಸಿದರು. ಕಿಟಕಿಯ ಹತ್ತಿರ ಹೋದರು. ಕಿರುಬೆರಳಿನ ಉಗುರಿನಿಂದ ಆ ತೇಪೆಯನ್ನು ಮುಟ್ಟಿ, ಬೆರಳನ್ನು ತಿರುಗಿಸಿ ನೋಡಿಕೊಂಡರು, ಮಣ್ಣು ಅಂಟಿದೆಯೇನೋ ಎನ್ನುವ ಹಾಗೆ.

"ಇಲ್ಲಿಗೇ ಕಣೇ ಮರ ಕೊಟ್ಟಿದ್ದು" ಅಂದರು. "ಎಷ್ಟ್ ಜನ ಇದ್ರು ಗೊತ್ತಾ? ನೀರಲ್ಲಿ ನಿಂತ್ಕೊಂಡು. ಒಬ್ರಿಗೂ ಒಂದ್ ಮಾತು ಹೇಳ್ಲಿಲ್ಲ ನಾನು. ಹಸ ನೋಡೋ ಆತುರ."

ಆ ಜೀಪು ಈಗ ಅವರ ಹಜಾರದಲ್ಲಿ, ಟೀವಿಯ ಪಕ್ಕದಲ್ಲಿ, ಚಕ್ರ ಮೇಲಾಗಿ ಮಲಗಿದೆ. ಬಂದವರು ಯಾರೋ ಮಕ್ಕಳು ಬೀಳಿಸಿದ್ದಾರೆಂದು ನೆಟ್ಟಗೆ ಮಾಡಲು ಹೋಗುತ್ತಾರೆ. ದೊಡ್ಡಮ್ಮ ತಡೆದು, ಕೂರಿಸಿ, ಆ ಕೋಡಿಯ ಕಥೆ ಹೇಳುತ್ತಾರೆ. ಪಕ್ಕದ ಮನೆಯ ಅಜ್ಜಿಯೊಬ್ಬರು ಟಾರ್ಚು ತರಿಸಿಕೊಂಡು ನೋಡಿದರಂತೆ.

ಮಳೆಗಾಲ ಶುರುವಾದ ಮೇಲೆ ಒಂದು ಬೆಳಗ್ಗೆ ಲ್ಯಾಬಿನಲ್ಲಿದ್ದಾಗ ದೊಡ್ಡಮ್ಮನ ಫೋನು ಬಂತು. ಹಿಂದೆ ತೋಟದಲ್ಲಿ ನೀರು ತೊಟ್ಟಿಕ್ಕುವ ಸದ್ದು.

"ರಾತ್ರಿಯೆಲ್ಲ ಒಳ್ಳೆ ಮಳೆ ಕಣೇ. ತೋಟಕ್ಕೆ ಬಂದಿದೀನಿ. ಟವಲ್ ಹಾಸ್ಕೊಂಡು ಜೀಪಿನ ಕೆಳಗೆ ನೋಡ್ದೆ."

"ಈ ವಯಸ್ಸಲ್ಲಿ ಯಾಕ್ ದೊಡ್ಡಮ್ಮ ಅದೆಲ್ಲ?"

"ಹೊಸಾ ಪೇಂಟಲ್ವಾ, ಕರ್ರಗಿತ್ತು. ಈಗ ಹಿಂದ್ಗಡೆ ಚಕ್ರದ ಹತ್ರ ಒಂಚೂರು ಕೆಂಪು ಹತ್ತೈತೆ" ಅಂದರು. "ಬಾ, ನೋಡೀವಂತೆ."

ಮಾಡುತ್ತಿದ್ದ ಹಲ್ಲನ್ನು ಕುಲುಮೆಯಲ್ಲಿಟ್ಟು, ಅರ್ಧ ದಿನ ರಜ ಹೇಳಿ ನಾನು ಗುಬ್ಬಿ ಬಸ್ಸು ಹತ್ತಿದೆ.