ಸುಬ್ರಾಯರು ಜೂರಿಯಲ್ಲಿ ಕೂತದ್ದು

ಅಮೆರಿಕದ ಫೋರ್ಟ್ ಮಿಲ್‌ನ ಸುಬ್ರಾಯರ ಬಳಿ ತಮ್ಮ ಎಲ್ಲ ತಪ್ಪುಗಳಿಗೂ ಒಂದೇ ಸಮಜಾಯಿಷಿ ಇತ್ತು. ಮೂಲತಃ ಉಡುಪಿ ಕಡೆಯವರು. ಷಾರ್ಲೆಟ್‌ನ ಒಂದು ವಿಮಾ ಕಂಪನಿಯಲ್ಲಿ ಕೆಲಸ. ಕೊರೊನಾ ಕಾಲದಲ್ಲಿ ಮನೆಯಲ್ಲೇ ಕೂತು ಸಮಾನಾಂತರ ವಿಶ್ವಗಳ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿ, ಆಗಬಹುದಾದದ್ದೆಲ್ಲ ಯಾವುದಾದರೊಂದು ವಿಶ್ವದಲ್ಲಿ ಆಗಿಯೇ ಆಗುತ್ತದೆ, ನಾವು ಆರಿಸಿಕೊಂಡೆವು ಎನ್ನುವುದು ಬರೀ ಭ್ರಮೆ ಎಂಬ ತೀರ್ಮಾನಕ್ಕೆ ಬಂದಿದ್ದರು. ಈ ತೀರ್ಮಾನವೂ ತಮ್ಮ ಆಯ್ಕೆಯಲ್ಲ ಎಂದು ಸೇರಿಸುವಷ್ಟು ಪ್ರಾಮಾಣಿಕರು.

ಮನೆಯಲ್ಲಿ ಈ ತತ್ವ ಬಹಳ ಉಪಯೋಗಕ್ಕೆ ಬಂತು. ಮಗಳು ಶ್ರದ್ಧಾಳ ಈಜು ಸ್ಪರ್ಧೆಗೆ ಬರುತ್ತೇನೆಂದು ಹೇಳಿ ಮರೆತಾಗ, "ಇನ್ನೊಂದು ವಿಶ್ವದಲ್ಲಿ ನಾನು ಮುಂದಿನ ಸಾಲಲ್ಲೇ ಕೂತಿದ್ದೆ ಮಗಾ" ಎಂದರು.

"ಬಟ್ ಅಪ್ಪ, ನಾನು ಈ ಪೂಲ್‌ನಲ್ಲಿ ಇದ್ದೆ," ಎಂದಳು ಅವಳು.

ಎರಡು ವರ್ಷದ ಹಿಂದೆ ಅವರಿಗೆ ಕೋರ್ಟಿನಿಂದ ಜೂರಿ ಕರೆ ಬಂತು. ಆರೋಪಿ ತಪ್ಪಿತಸ್ಥನೋ ಅಲ್ಲವೋ ಎಂದು ಊರಿನ ಸಾಮಾನ್ಯರೇ ಕೂತು ತೀರ್ಮಾನಿಸುವ, ಆರು ಮಂದಿಯ ಸಣ್ಣ ಜೂರಿ. ತಪ್ಪಿಸಿಕೊಳ್ಳಲು ಸುಬ್ರಾಯರಿಗೆ ಸುಳ್ಳು ಹೇಳುವ ಅಗತ್ಯವೇ ಇರಲಿಲ್ಲ. "ಮನುಷ್ಯನಿಗೆ ಸ್ವಂತ ಇಚ್ಛೆ ಇದೆ ಅಂತ ನಾನು ನಂಬುವುದಿಲ್ಲ" ಎಂದು ನ್ಯಾಯಾಧೀಶೆಗೆ ನೇರವಾಗಿ ಹೇಳಿದರು.

"ಸಾಕ್ಷ್ಯ ಕೇಳಿ ತೀರ್ಮಾನ ಮಾಡುತ್ತೀರಾ?" ಎಂದು ಆಕೆ ಕೇಳಿದರು.

"ಏನು ಮಾಡಬೇಕೆಂದಿದೆಯೋ ಅದನ್ನೇ ಮಾಡುತ್ತೇನೆ."

ಆಕೆಗೆ ಅಷ್ಟು ಸಾಕಾಯಿತು. ಸುಬ್ರಾಯರು ಐದನೇ ಕುರ್ಚಿಯಲ್ಲಿ ಕೂತರು.

ಆರೋಪಿ ಒಬ್ಬ ನಲ್ಲಿ ರಿಪೇರಿಯವನು. ಫೋನಿನಲ್ಲಿ ಮೆಸೇಜ್ ಓದುತ್ತಾ ಕೆಂಪು ದೀಪ ದಾಟಿ, ಒಬ್ಬ ಹೆಂಗಸಿನ ಕಾರಿಗೆ ಗುದ್ದಿದ್ದ. ಆಕೆಯ ಮೊಣಕೈ ಮುರಿದಿತ್ತು. "ಕಣ್ಣು ಮಿಟುಕಿಸುವುದರೊಳಗೆ ಆಗಿಹೋಯಿತು. ನನ್ನ ಕೈಯಲ್ಲಿ ಏನೂ ಇರಲಿಲ್ಲ" ಎಂದ. ಜೂರಿಯವರು ಚರ್ಚೆಗೆಂದು ಒಳಗಿನ ಕೋಣೆಗೆ ಹೋದಾಗ ಉಳಿದ ಐವರಿಗೂ ಅವನ ಮೇಲೆ ಕನಿಕರ. ಬಿಟ್ಟುಬಿಡೋಣ ಎಂದರು. ಅವರ ಮಾತಿಗೆ ಹೂಂಗುಟ್ಟಲು ಸುಬ್ರಾಯರಿಗಿಂತ ತಕ್ಕವರು ಯಾರಿದ್ದರು?

ಆದರೆ ಸುಬ್ರಾಯರು ಎದ್ದು ನಿಂತರು. ದೀಪ ಕೆಂಪಾಗಿ ಆರು ಸೆಕೆಂಡು ಆಗಿತ್ತು, ಅಷ್ಟು ಹೊತ್ತು ತಲೆ ಎತ್ತದೆ ಇದ್ದವನು ಅವನೇ, ಎಂದರು. ಕಾಫಿ ತಣ್ಣಗಾಯಿತು. ಮೂರು ಗಂಟೆ ವಾದಿಸಿ ಒಬ್ಬೊಬ್ಬರನ್ನೇ ಒಪ್ಪಿಸಿದರು. ತಪ್ಪಿತಸ್ಥ ಎಂದು ಓದಿದಾಗ ಆ ಮನುಷ್ಯ ಟೋಪಿಯನ್ನು ಕೈಯಲ್ಲಿ ಮುದುಡಿಕೊಂಡು, ಜೂರಿಯ ಕಡೆ ನೋಡಿ ಸುಮ್ಮನೆ ತಲೆಯಾಡಿಸಿದ.

ಮನೆಯಲ್ಲಿ ಹೆಂಡತಿ ಕುಸುಮಾವತಿ ನೀರುದೋಸೆ ಹೊಯ್ಯುತ್ತಿದ್ದರು. ಎಲ್ಲವನ್ನೂ ಕೇಳಿಸಿಕೊಂಡು, "ಪಾಪ, ಅವ್ನಿಗೆ ಬೇರೆ ದಾರಿ ಎಂತ ಇತ್ತು?" ಎಂದರು.

"ಬ್ರೇಕ್ ಇತ್ತಲ್ಲ," ಎಂದರು ಸುಬ್ರಾಯರು.

ಕುಸುಮಾವತಿ ಕಾವಲಿಯ ಕಡೆ ತಿರುಗಿ ನಕ್ಕರು. ಆದರೆ ಗಂಡ ಎರಡನೇ ದೋಸೆ ಮುಟ್ಟದೆ ಕೂತದ್ದು ಕಂಡು ಉರಿ ಸಣ್ಣ ಮಾಡಿದರು.

ಸುಬ್ರಾಯರು ಪ್ರಯತ್ನಪಟ್ಟರು. ಎಲ್ಲೋ ಒಂದು ವಿಶ್ವದಲ್ಲಿ ಜೂರಿ ಅವನನ್ನು ಬಿಟ್ಟಿದೆ, ಅವನು ಮನೆಗೆ ಹೋಗಿ ಮಕ್ಕಳ ಜೊತೆ ಊಟಕ್ಕೆ ಕೂತಿದ್ದಾನೆ ಎಂದು ಯೋಚಿಸಿ ನೋಡಿದರು. ಕಣ್ಣಿಗೆ ಬಂದದ್ದು ಆ ಟೋಪಿ ಮಾತ್ರ.

"ನೀವು ಮಾಡಿದ್ದು ಸರಿಯೇ ಮಾರಾಯ್ರೆ," ಎಂದರು ಕುಸುಮಾವತಿ.

"ಸರಿಯೇ," ಎಂದರು ಸುಬ್ರಾಯರು. "ಆದ್ರೆ ಮಾಡಿದ್ದು ನಾನು."