ರುಚಿ ನೋಡದ ಷಡಕ್ಷರಯ್ಯ

ಹೊಳೆನರಸೀಪುರದ ಪೇಟೆ ಬೀದಿಯಲ್ಲಿ ಷಡಕ್ಷರಯ್ಯನ ಹೆಸರು ಎತ್ತಿದರೆ ಸಾಕು, ಹಳಬರು ಮೊದಲು ಮೂಗು ಮುಚ್ಚಿಕೊಂಡ ಹಾಗೆ ಮಾಡಿ ಆಮೇಲೆ ನಗುತ್ತಿದ್ದರು. ನಗುವವರು ನಗಲಿ. ಒಬ್ಬ ಮನುಷ್ಯ ಅರ್ಧ ಆಯುಷ್ಯ ಒಂದು ಪದಾರ್ಥವನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಓಡಾಡಿದ, ಆದರೂ ಒಂದು ಸಲವೂ ಅದನ್ನು ಬಾಯಿಗೆ ಹಾಕಲಿಲ್ಲ ಎಂದರೆ ನಂಬುವುದು ಕಷ್ಟವೇ. ಆದರೆ ನಡೆದದ್ದು ಹಾಗೆಯೇ.

ಷಡಕ್ಷರಯ್ಯ ಬ್ರೆಂಟನ್ ದೊರೆಯ ಗುಮಾಸ್ತ. ದೊರೆ ಎಂದರೆ ಮಂಜರಾಬಾದಿನ ಕಡೆ ಇದ್ದ ಕಾಫಿ ತೋಟವನ್ನು ಮಾರಿ, ತನ್ನ ದೇಶಕ್ಕೂ ವಾಪಸು ಹೋಗದೆ, ಹಾಸನದಲ್ಲಿ ಒಂದು ಬಂಗಲೆ ಕೊಂಡು ಕೂತಿದ್ದ ಮುದುಕ. ಹೆಂಡತಿ ತೀರಿಹೋಗಿದ್ದಳು. ಬೇಟೆಗೆ ಕಣ್ಣು ಸಾಲದು, ಕುದುರೆ ಸವಾರಿಗೆ ಸೊಂಟ ಒಪ್ಪದು. ಉಳಿದದ್ದು ಚೀಸಿನ ಚಪಲ ಒಂದೇ. ಹಾಲನ್ನು ಬೇಕೆಂದೇ ಒಡೆಸಿ, ಹಿಂಡಿ, ಉಪ್ಪು ಹಾಕಿ, ತಿಂಗಳುಗಟ್ಟಲೆ ಕತ್ತಲೆಯಲ್ಲಿಟ್ಟು, ಅದು ನಾತ ಹಿಡಿದ ಮೇಲೆ ಹದಕ್ಕೆ ಬಂತೆಂದು ಚಪ್ಪರಿಸುವ ಪದಾರ್ಥ ಅದು. ಹಾಲು ತಾನಾಗಿ ಒಡೆದರೂ ಏನು ಕೇಡು ಕಾದಿದೆಯೋ ಎಂದು ಹೆಂಗಸರು ಹೆದರುವ ಸೀಮೆಯಲ್ಲಿ ಅದು ಎಲ್ಲಿ ಸಿಗಬೇಕು? ಬಿಳಿಯರು ಹೆಚ್ಚಾಗಿದ್ದ ಬೆಂಗಳೂರಿನ ದಂಡಿಗೇ ಹೋಗಿ ತರಬೇಕಿತ್ತು.

ಮೊದಲು ಈ ಕೆಲಸಕ್ಕೆ ದೊರೆ ಬಟ್ಲರನನ್ನು ಕಳಿಸುತ್ತಿದ್ದ. ಅವನು ಬಸ್ಸು ಚನ್ನರಾಯಪಟ್ಟಣ ಮುಟ್ಟುವುದರೊಳಗೆ ಕಾಲು ಭಾಗ, ಹಾಸನ ಮುಟ್ಟುವುದರೊಳಗೆ ಇನ್ನಷ್ಟು ಮುಗಿಸಿ, ದಾರಿಯಲ್ಲಿ ಇಲಿ ಕಡಿಯಿತು ಎಂದು ವರದಿ ಒಪ್ಪಿಸುತ್ತಿದ್ದ. ದೊರೆ ಯೋಚನೆ ಮಾಡಿ ಷಡಕ್ಷರಯ್ಯನನ್ನು ಕರೆದ. ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ, ಬಂಗಲೆಯ ನೀರನ್ನೂ ಕುಡಿಯದೆ ತನ್ನ ಬಿಡಾರದಲ್ಲಿ ತಾನೇ ಬೇಯಿಸಿ ತಂದ ಬುತ್ತಿಯನ್ನು ಹೊರಗಿನ ಜಗಲಿಯಲ್ಲಿ ಬಿಚ್ಚುವ ಆಸಾಮಿ. ಇವನು ತಿನ್ನುವ ಮಾತೇ ಇಲ್ಲ ಎಂಬುದು ದೊರೆಯ ಲೆಕ್ಕ. ದೊರೆ ಮುಚ್ಚುಮರೆಯನ್ನೂ ಮಾಡಲಿಲ್ಲ. ಹಾಲನ್ನು ಒಡೆಸುವುದು ಎಳೆಗರುವಿನ ಹೊಟ್ಟೆಯಿಂದ ತೆಗೆದ ರಸದಲ್ಲಿ ಎಂದು ಮೊದಲ ದಿನವೇ ಹೇಳಿಬಿಟ್ಟ. ಷಡಕ್ಷರಯ್ಯ ಅಂಗಿಯ ಮೇಲಿಂದ ಲಿಂಗವನ್ನು ಮುಟ್ಟಿಕೊಂಡ. ಆದರೆ ಇದ್ದ ಕೆಲಸ ಬಿಟ್ಟರೆ ಬೇರೆ ಕೆಲಸ ಕಾದು ಕೂತಿರಲಿಲ್ಲ. ಹೊರುವುದು ಬೇರೆ, ತಿನ್ನುವುದು ಬೇರೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ಹೊರಟ.

ಹಾಗೆ ಶುರುವಾದದ್ದು ನಿಲ್ಲಲೇ ಇಲ್ಲ. ತಿಂಗಳಿಗೊಮ್ಮೆ ಬೆಂಗಳೂರು. ದಂಡಿನ ಸೌತ್ ಪೆರೇಡಿನಲ್ಲಿ ಒಬ್ಬ ಪಾರ್ಸಿ ಮುದುಕನ ಅಂಗಡಿ. ಅಮೃತಶಿಲೆಯ ಹಲಗೆ, ಗಾಜಿನ ಮುಚ್ಚಳಗಳು, ಕೊಯ್ಯುವುದಕ್ಕೆ ಎರಡು ಕಡೆ ಹಿಡಿ ಇರುವ ತಂತಿ. ಕಮರ್ಷಿಯಲ್ ಸ್ಟ್ರೀಟಿನ ಹಿಂದಿನ ಗಲ್ಲಿಯಲ್ಲಿ ಒಬ್ಬ ಆಂಗ್ಲೋ ಇಂಡಿಯನ್ ವಿಧವೆಯ ಅಂಗಡಿ. ಅಲ್ಲಿ ಯಾವಾಗಲೂ ನೆಲದ ಮೇಲೆ ಮಂಜುಗಡ್ಡೆ ಕರಗಿದ ನೀರು, ಕಾಲಿಟ್ಟರೆ ಥಂಡಿ ಮೊಣಕಾಲಿಗೆ ಏರುತ್ತಿತ್ತು. ಪಾರ್ಸಿಯ ಹತ್ತಿರ ಸಿಗದಿದ್ದರೆ ವಿಧವೆಯ ಹತ್ತಿರ, ಅಲ್ಲೂ ಸಿಕ್ಕದಿದ್ದರೆ ಮಾರ್ಕೆಟಿನ ಹತ್ತಿರದ ಡಬ್ಬಿ ಸಾಮಾನಿನ ಅಂಗಡಿ. ಡಬ್ಬಿಯದು ತಂದರೆ ದೊರೆ ಎರಡು ದಿನ ಮಾತು ಬಿಡುತ್ತಿದ್ದ.

ಈ ಅಂಗಡಿಗಳದೊಂದು ರಿವಾಜು. ಕೊಳ್ಳಲು ಬಂದವರಿಗೆ ಮೊದಲು ತೆಳ್ಳಗೆ ಒಂದು ಚೂರು ಕೊಯ್ದು ಕಾಗದದ ಮೇಲಿಟ್ಟು, ರುಚಿ ನೋಡಿ ಎಂದು ಮುಂದೆ ಹಿಡಿಯುವುದು. ಬೇಡವೆಂದರೆ ಅಂಗಡಿಯವರಿಗೆ ಅವಮಾನ. ಷಡಕ್ಷರಯ್ಯ ಕಾಗದವನ್ನು ಎತ್ತಿ ಮೂಸುತ್ತಿದ್ದ. ಹಳೆ ತುಪ್ಪದ ವಾಸನೆ ಇದ್ದರೆ ತಾ, ಕೊಟ್ಟಿಗೆಯ ವಾಸನೆ ಇದ್ದರೆ ಇನ್ನೂ ಒಳ್ಳೆಯದು, ಮೂಗಿಗೆ ಚುಚ್ಚಿದರೆ ಬಿಟ್ಟು ಬಾ ಎಂದು ದೊರೆ ಹೇಳಿಕೊಟ್ಟಿದ್ದ. ಮೊದಮೊದಲು ಭಾರಿ ಎಡವಟ್ಟಾಯಿತು. ಒಮ್ಮೆ ನೀಲಿ ಬೂಷ್ಟು ಹಿಡಿದ ಚೀಸನ್ನು ಕೊಟ್ಟಾಗ, ಪಾರ್ಸಿ ಕೊಳೆತ ಮಾಲನ್ನು ದಾಟಿಸಿದ ಎಂದುಕೊಂಡು, ಛತ್ರದ ನಲ್ಲಿಯ ಹತ್ತಿರ ಕೂತು ತೆಂಗಿನ ನಾರು ಹಿಡಿದು ತಿಕ್ಕಿ ತಿಕ್ಕಿ, ಬೂಷ್ಟೆಲ್ಲ ಹೋಗುವ ತನಕ ತೊಳೆದು ತಂದುಕೊಟ್ಟ. ದೊರೆ ಅದನ್ನು ನೋಡಿ ತಲೆಯ ಮೇಲೆ ಕೈ ಹೊತ್ತು ಕೂತ. ಆ ಬೂಷ್ಟಿಗಾಗಿಯೇ ಅದಕ್ಕೆ ಅಷ್ಟು ಬೆಲೆಯಂತೆ.

ಬರುವ ದಾರಿಯ ಪಾಡು ಬೇರೆ. ಬಸ್ಸಿನ ಟಾಪಿನ ಮೇಲಿಟ್ಟರೆ ಬಿಸಿಲಿಗೆ ಕರಗುತ್ತದೆಂದು ತಗಡಿನ ಪೆಟ್ಟಿಗೆಗೆ ಒದ್ದೆ ಗೋಣಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಳ್ಳಬೇಕು. ಪಕ್ಕದಲ್ಲಿ ಕೂತವರು ಎಲ್ಲೋ ಹೆಗ್ಗಣ ಸತ್ತಿದೆ ಎಂದು ಸೀಟಿನ ಕೆಳಗೆ ಬಗ್ಗಿ ನೋಡುತ್ತಾರೆ. ಚನ್ನರಾಯಪಟ್ಟಣದಲ್ಲಿ ಎಲ್ಲರೂ ಕಾಫಿಗೆ ಇಳಿದರೆ ಇವನು ಗೋಣಿ ನೆನೆಸಲು ಬಾವಿಕಟ್ಟೆಗೆ ಓಡಬೇಕು. ಪಂಚೆಯೆಲ್ಲ ತೊಯ್ದು, ತೊಡೆ ಮರಗಟ್ಟಿ, ಹಾಸನದಲ್ಲಿ ಇಳಿದಾಗ ನೆಟ್ಟಗೆ ನಿಲ್ಲಲು ಸ್ವಲ್ಪ ಹೊತ್ತು ಬೇಕಾಗುತ್ತಿತ್ತು. ವಾರವೆಲ್ಲ ಹಾಸನದ ಬಿಡಾರದಲ್ಲಿದ್ದು ಶನಿವಾರದ ರೈಲಿಗೆ ಹೊಳೆನರಸೀಪುರದ ಮನೆಗೆ ಬಂದರೆ ಹೆಂಡತಿ ಗುರುಸಿದ್ದಮ್ಮ ಹಿತ್ತಲ ಬಾಗಿಲಲ್ಲೇ ನಿಲ್ಲಿಸಿ, ತಲೆಗೆ ನೀರು ಹೊಯ್ದು, ಆಮೇಲೆ ಒಳಗೆ ಬಿಡುತ್ತಿದ್ದಳು.

ಯುದ್ಧ ಬಂತು. ಹಡಗುಗಳು ನಿಂತವು. ಪೆಟ್ರೋಲು ಇಲ್ಲದೆ ಬಸ್ಸುಗಳ ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿದರು. ಏರು ಬಂದ ಕಡೆಯೆಲ್ಲ ಪ್ರಯಾಣಿಕರು ಇಳಿದು ತಳ್ಳಬೇಕು, ಷಡಕ್ಷರಯ್ಯ ಪೆಟ್ಟಿಗೆಯನ್ನು ಒಂದು ಕಂಕುಳಲ್ಲಿ ಅವುಚಿಕೊಂಡು ಇನ್ನೊಂದು ಕೈಯಲ್ಲಿ ತಳ್ಳಬೇಕು. ಪಾರ್ಸಿಯ ಗಾಜಿನ ಮುಚ್ಚಳಗಳ ಕೆಳಗೆ ಏನೂ ಇರುತ್ತಿರಲಿಲ್ಲ. ವಿಧವೆ ಇವತ್ತು ಇಲ್ಲ ಎಂದು ಬಾಗಿಲಿನಿಂದಲೇ ಕೈಯಾಡಿಸುತ್ತಿದ್ದಳು. ಇವನು ಅಂಗಡಿಯಿಂದ ಅಂಗಡಿಗೆ, ಕೊನೆಗೆ ಸೈನ್ಯದ ಮೆಸ್ಸುಗಳ ಹಿಂಬಾಗಿಲಿಗೂ ಅಲೆದು, ಅಂಗೈಯಗಲದ್ದು ಸಿಕ್ಕರೆ ಅದನ್ನೇ ತರುತ್ತಿದ್ದ. ಸಾಕು ಅನ್ನಿಸಿತ್ತು. ಆದರೆ ದೊರೆ ಆ ಚೂರನ್ನು ನೋಡಿ ಕಣ್ಣರಳಿಸುವುದನ್ನು ಕಂಡರೆ ಬಿಟ್ಟೆ ಎನ್ನಲು ಮನಸ್ಸು ಬಾರದೆ ಮುಂದಿನ ತಿಂಗಳೂ ಹೊರಡುತ್ತಿದ್ದ.

ಆ ಕಾಲದಲ್ಲೇ ಒಂದು ದಿನ ಪಾರ್ಸಿ ಎಲ್ಲೋ ಒಳಗಿನಿಂದ ಹಳೆಯ ಗಡ್ಡೆಯೊಂದನ್ನು ತಂದು, ಒಂದು ಚೂರು ಕಾಗದದ ಮೇಲಿಟ್ಟು ಕೊಟ್ಟ. ಷಡಕ್ಷರಯ್ಯ ಬೆಳಗಿನಿಂದ ಅಲೆದು ಸೋತಿದ್ದ. ನೆಗಡಿಯಾಗಿ ಮೂಗು ಬೇರೆ ಕಟ್ಟಿತ್ತು. ಕಾಗದವನ್ನು ಮುಖದ ಹತ್ತಿರಕ್ಕೆ ತಂದು, ಕಣ್ಣು ಮುಚ್ಚಿ, ವಾಸನೆ ಹತ್ತುವ ತನಕ ನಿಂತೇ ಇದ್ದ. ಅದೇ ಹೊತ್ತಿಗೆ ಊರಿನಲ್ಲಿ ಇವನ ಎದುರು ಮನೆಯ ಜವಳಿ ವ್ಯಾಪಾರಿ ರುದ್ರಯ್ಯ, ಮಾಲಿಗೆಂದು ಬೆಂಗಳೂರಿಗೆ ಬಂದವನು, ಗಾಜಿನಾಚೆ ಬೀದಿಯಲ್ಲಿ ನಿಂತು ನೋಡಿದ. ಒಳಗೆ ಬರಲಿಲ್ಲ, ಕೂಗಲಿಲ್ಲ. ಊರಿಗೆ ಹೋಗಿ ಕಂಡದ್ದನ್ನು ಹೇಳಿದ, ಅಷ್ಟೆ.

ಒಡೆದ ಹಾಲು ತಿಂದ ಎಂದಷ್ಟೇ ಆಗಿದ್ದರೆ ಜನ ನಕ್ಕು ಬಿಡುತ್ತಿದ್ದರೇನೋ. ಕರುವಿನ ಹೊಟ್ಟೆಯ ವಿಷಯವನ್ನು ಯಾರೋ ಬಟ್ಲರನ ಬಾಯಿಂದ ತಿಳಿದು ಬಂದರು. ಅಲ್ಲಿಂದ ಮುಂದೆ ಪೇಟೆ ಬೀದಿಯ ರೀತಿಯೇ ಬದಲಾಯಿತು. ಮಠದ ಸ್ವಾಮಿಗಳು ಊರಿಗೆ ಬಂದಾಗ ಪಾದಪೂಜೆಗೆ ನೀರಿನ ತಂಬಿಗೆ ಹಿಡಿಯುವುದು ತಲೆಮಾರಿನಿಂದ ಷಡಕ್ಷರಯ್ಯನ ಮನೆಯವರ ಪಾಲಿಗೆ ಬಂದದ್ದು. ಆ ವರ್ಷ ಇವನು ಮಡಿಯುಟ್ಟು ಹೋಗುವಷ್ಟರಲ್ಲಿ ತಂಬಿಗೆ ರುದ್ರಯ್ಯನ ಮಗನ ಕೈಯಲ್ಲಿತ್ತು. ಊಟಕ್ಕೆ ಎಲೆ ಹಾಕಿದರು, ಸಾಲಿನ ತುದಿಯಲ್ಲಿ.

ಷಡಕ್ಷರಯ್ಯ ರುದ್ರಯ್ಯನ ಅಂಗಡಿಗೇ ಹೋಗಿ ಕೇಳಿದ. ಮೂಸಿದೆ, ತಿನ್ನಲಿಲ್ಲ ಎಂದು ಕೊರಳ ಲಿಂಗವನ್ನು ಕೈಯಲ್ಲಿ ಹಿಡಿದು ಆಣೆಯಿಟ್ಟ. ರುದ್ರಯ್ಯ ಕೆಟ್ಟವನಲ್ಲ. ಬಟ್ಟೆ ಮಡಿಸುತ್ತಲೇ ತಗ್ಗಿದ ದನಿಯಲ್ಲಿ ಹೇಳಿದ.

"ಕಣ್ಣಾರೆ ನೋಡಿವ್ನಿ ಕಣಯ್ಯ. ಬಾಯತ್ರ ಇಡ್ಕಂಡು ಕಣ್ ಮುಚ್ಕಂಡಿದ್ದೆ. ಆಗೋಯ್ತು ಬುಡು, ಆಣೆ ಗೀಣೆ ಯಾಕೆ."

ಆಣೆಯ ಮೇಲೂ ನಂಬದವರಿಗೆ ಇನ್ನೇನು ಹೇಳಬೇಕು? ಸಾಕ್ಷಿ ಬೇಕೆಂದರೆ ಜಗತ್ತಿನಲ್ಲಿ ಇವನು ತಿನ್ನುವುದಿಲ್ಲವೆಂದು ಎದೆ ತಟ್ಟಿ ಹೇಳಬಲ್ಲವನು ಬ್ರೆಂಟನ್ ದೊರೆ ಒಬ್ಬನೇ. ದನ ತಿನ್ನುವ ದೊರೆಯನ್ನು ಕರೆತಂದು ಮಠದಲ್ಲಿ ತನ್ನ ಶೀಲಕ್ಕೆ ಸಾಕ್ಷಿ ಹೇಳಿಸುವ ಯೋಚನೆ ಬಂದು ಅವನಿಗೇ ನಗು ಬಂತು, ಹಿಂದೆಯೇ ಅಳುವೂ ಬಂತು.

ಆ ದಿನ ಮನೆಗೆ ಬಂದವನ ಮುಖವನ್ನು ಗುರುಸಿದ್ದಮ್ಮ ನೋಡಿದಳು. ತಟ್ಟೆಗೆ ಮುದ್ದೆ ಇಡುತ್ತಾ, "ನೀವು ತಿಂದಿಲ್ಲ ಅಂದ್ಮೇಲೆ ತಿಂದಿಲ್ಲ. ಅನ್ನೋರು ಅನ್ಕಳ್ಳಿ ಬುಡಿ," ಎಂದಳು.

ಆ ಒಂದು ಮಾತಿನ ಮೇಲೆ ಷಡಕ್ಷರಯ್ಯ ಮುಂದಿನ ವರ್ಷಗಳನ್ನು ತಳ್ಳಿದ. ಬೀದಿಯಲ್ಲಿ ತಲೆ ತಗ್ಗಿಸಿ ನಡೆದರೂ ಮನೆಯ ಹೊಸ್ತಿಲು ದಾಟಿದರೆ ತಲೆ ಎತ್ತಬಹುದಿತ್ತು. ಊರಿಗೆ ಊರೇ ಒಂದು ಕಡೆ, ಅವಳೊಬ್ಬಳು ಒಂದು ಕಡೆ. ಬಸ್ಸು ತಳ್ಳುವಾಗ, ಒದ್ದೆ ಗೋಣಿ ತೊಡೆಗೆ ಅಂಟಿದಾಗ, ಮದುವೆ ಮನೆಗಳಲ್ಲಿ ಸಾಲಿನ ತುದಿಯಲ್ಲಿ ಕೂತಾಗ, ಅವನು ಅದನ್ನೇ ನೆನೆಯುತ್ತಿದ್ದ. ಒಬ್ಬಳಾದರೂ ನಂಬಿದ್ದಾಳಲ್ಲ.

ಯುದ್ಧ ಮುಗಿಯುವ ಮುಂಚೆಯೇ ದೊರೆ ತೀರಿಕೊಂಡ. ಷಡಕ್ಷರಯ್ಯ ಊರಿಗೆ ಬಂದು ಕೂತ. ಚೀಸು ನಿಂತರೂ ಅಪವಾದ ನಿಲ್ಲಲಿಲ್ಲ. ಸ್ವಾತಂತ್ರ್ಯ ಬಂದ ಮಾರನೆಯ ವರ್ಷ ಗುರುಸಿದ್ದಮ್ಮ ಹಾಸಿಗೆ ಹಿಡಿದಳು. ಬಿಟ್ಟು ಬಿಟ್ಟು ಬರುವ ಜ್ವರ ಅವಳನ್ನು ಹಿಂಡಿಹಾಕಿತು. ಮಗಳು ಅರಕಲಗೂಡಿನಿಂದ ಬಂದು ನಾಲ್ಕು ದಿನ ಇದ್ದು, ಅಲ್ಲಿನ ಸಂಸಾರ ನೋಡಲು ಹೋಗಿ, ಮತ್ತೆ ಬರುತ್ತಿದ್ದಳು. ಅವಳಿಲ್ಲದಾಗ ಷಡಕ್ಷರಯ್ಯನೇ ಗಂಜಿ ಕಾಯಿಸಿ, ತಾನೇ ಕುಡಿಸುತ್ತಿದ್ದ. ಗುರುಸಿದ್ದಮ್ಮನ ಬಾಯಿಗೆ ಏನೂ ಹಿಡಿಸುತ್ತಿರಲಿಲ್ಲ. ಉಪ್ಪಿನಕಾಯಿ ನೆಕ್ಕಿಸಿದರೂ ಮಣ್ಣು ಎನ್ನುತ್ತಿದ್ದಳು. ಡಾಕ್ಟರು ಅವಳು ಕೇಳಿದ್ದು ಕೊಡಿ ಎಂದು ಹೇಳಿ ಹೋಗಿದ್ದರು. ಆ ಮಾತಿನ ಅರ್ಥ ಇಬ್ಬರಿಗೂ ತಿಳಿದಿತ್ತು.

ಒಂದು ಮಧ್ಯಾಹ್ನ ಗಂಜಿಯ ಬಟ್ಟಲು ಹಿಡಿದು ಕೂತ ಷಡಕ್ಷರಯ್ಯ, ಏನಾದರೂ ಆಸೆಯಿದ್ದರೆ ಹೇಳು, ಎಲ್ಲಿದ್ದರೂ ತರುತ್ತೇನೆ ಎಂದ. ಅವಳು ಬಾಗಿಲ ಕಡೆ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡಳು.

"ಒಂದ್ ಮಾತು ಕೇಳ್ತೀನಿ, ಬೇಜಾರ್ ಮಾಡ್ಕಬ್ಯಾಡಿ. ಆ ದೊರೆ ಚೀಸು, ತಿನ್ನಕ್ಕೆ ಹೆಂಗಿತ್ತು?"

ಷಡಕ್ಷರಯ್ಯನಿಗೆ ಮೊದಲು ಅರ್ಥವಾಗಲಿಲ್ಲ. ಜ್ವರದಲ್ಲಿ ಮರೆತಿದ್ದಾಳೆ ಎಂದುಕೊಂಡ. ನಾನು ತಿಂದಿಲ್ಲ ಅಂತ ನಿನಗೆ ಗೊತ್ತಲ್ಲ ಎಂದ. ಗುರುಸಿದ್ದಮ್ಮ ನಕ್ಕಳು. ಅದರಲ್ಲಿ ದೂರು ಇರಲಿಲ್ಲ, ಎಂದೋ ಕ್ಷಮಿಸಿ ಆಗಿದ್ದವರ ನಗು.

"ಈಗ್ ಯಾರವ್ರೆ ಕೇಳಕ್ಕೆ. ನೀವು ಬೆಂಗ್ಳೂರಿಂದ ಬಂದಾಗ್ಲೆಲ್ಲ ಮಜ್ಜಿಗೇಗೆ ಒಂದ್ ಚಿಟಿಕೆ ಮಠದ ವಿಭೂತಿ ಹಾಕಿ ಕೊಡ್ತಿದ್ದೆ. ಏನ್ ಮೈಲಿಗೆ ಇದ್ರೂ ಅವತ್ತವತ್ತೇ ಕಳೀತು. ನಂಗ್ ಹೇಳಿದ್ರೇನು."

ಬಟ್ಟಲು ಕೈಯಲ್ಲೇ ಉಳಿಯಿತು. ಊರು ನಂಬಲಿಲ್ಲ, ಇವಳೂ ನಂಬಿರಲಿಲ್ಲ. ನಂಬದೆಯೇ ಅಷ್ಟು ವರ್ಷ ಜೊತೆಗೆ ನಿಂತಿದ್ದಳು. ಸಿಟ್ಟು ಬಂತು, ಲಿಂಗ ಹಿಡಿದು ಇನ್ನೊಮ್ಮೆ ಆಣೆಯಿಡಬೇಕೆನಿಸಿತು. ಆದರೆ ಅವಳ ಕಣ್ಣಲ್ಲಿ ಬಹಳ ದಿನಗಳ ಮೇಲೆ ಒಂದು ಆಸೆ ಕಾಣಿಸಿತ್ತು. ನಿಜ ಹೇಳಿದರೆ ಅದು ಆರುತ್ತದೆ, ಅವಳು ಇದನ್ನೂ ಸುಳ್ಳೆಂದೇ ತಿಳಿದು ಮಗ್ಗುಲಾಗುತ್ತಾಳೆ. ಗೆದ್ದು ಮಾಡುವುದೇನಿತ್ತು? ಅವನಿಗೆ ಸುಸ್ತಾಗಿತ್ತು.

ಬಟ್ಟಲನ್ನು ಕೆಳಗಿಟ್ಟ. ಮೂಗಿಗೆ ಗೊತ್ತಿದ್ದದ್ದನ್ನೆಲ್ಲ ನಾಲಿಗೆಗೆ ತಂದುಕೊಳ್ಳಲು ನೋಡಿದ.

"ಮೊದ್ಲು ಉಪ್ಪುಪ್ಪು. ಆಮೇಲ್ ಒಂಚೂರು ಹುಳಿ. ತುಪ್ಪ ಕಾಸಿದ್ಮೇಲೆ ತಳದಲ್ಲಿ ಗಸಿ ಉಳ್ಕತ್ತದಲ್ಲ, ಕೊನೇಲಿ ಅಂಗಾಯ್ತದೆ. ಬಾಯಲ್ಲಿ ನಿಧಾನಕ್ಕೆ ಕರಗ್ತದೆ."

ಗುರುಸಿದ್ದಮ್ಮ ಕಣ್ಣು ಮುಚ್ಚಿ ಕೇಳಿದಳು. ತುಟಿ ಒದ್ದೆ ಮಾಡಿಕೊಂಡಳು.

"ಚೆನ್ನಾಗಿತ್ತಾ?"

"ಚೆನ್ನಾಗಿತ್ತು," ಎಂದ ಷಡಕ್ಷರಯ್ಯ.

ಅವಳು ಅವನ ಕೈ ಹುಡುಕಿ ಹಿಡಿದುಕೊಂಡಳು.

"ಅಷ್ಟೊರ್ಸ ಒಬ್ರೇ ತಿಂದ್ರಿ," ಎಂದಳು. "ನಂಗೂ ಒಂದ್ ಚೂರು ತಂದಿದ್ರೆ ಏನಾಗ್ತಿತ್ತು."