ಒಂದು ಕ್ರೇಯಾನಿನ ಬೀಳ್ಕೊಡುಗೆ

ಒಂದು ಕ್ರೇಯಾನಿನ ಮೇಲೆ ನನಗೆ ಹೊಟ್ಟೆಕಿಚ್ಚು ಬಂದಿತ್ತು. ಇನ್ನೂ ಪೂರ್ತಿ ಹೋಗಿಲ್ಲ.

ಚಿಂಚವಾಡದ ಒಂದು ಬಾಲವಾಡಿಯಲ್ಲಿ ನಾನು ಮಾವಶಿ ಆಗಿದ್ದೆ. ಮಾವಶಿ ಅಂದರೆ ಕಸ ಹೊಡೆಯುವವಳು, ಮಕ್ಕಳ ಮೂಗು ಒರೆಸುವವಳು, ಒದ್ದೆ ಚಡ್ಡಿ ಬದಲಿಸುವವಳು. ಮೊಣಕಾಲು ಕೈಕೊಟ್ಟ ಮೇಲೆ ಬಿಟ್ಟೆ. ಕಡೆಯ ದಿನ ಹೆಡ್ ಮೇಡಮ್ ಕೀಲಿಕೈ ಇಸಿದುಕೊಂಡರು. ಕೆಲಸಕ್ಕೆಂದು ಕೊಟ್ಟಿದ್ದ ನೀಲಿ ಸೀರೆಗಳನ್ನೂ ವಾಪಸು ಕೇಳಿದರು. ಒಗೆದು, ಮಡಿಚಿ ಕೊಟ್ಟೆ. ಚಹಾ ನಾನೇ ಮಾಡಿ, ನಾನೇ ಕುಡಿದು, ಲೋಟ ತೊಳೆದಿಟ್ಟು ಮನೆಗೆ ಬಂದೆ. ಅಷ್ಟೇ.

ಈಗ ಮೊಮ್ಮಗಳು ಅದೇ ಬಾಲವಾಡಿಗೆ ಹೋಗುತ್ತಾಳೆ. ಕರೆತರುವವಳು ನಾನು. ಒಂದು ಶನಿವಾರ ಹೋದರೆ ಬಾಗಿಲಿಗೆ ಬಲೂನು. ಒಳಗೆ ಮೇಜಿಗೆ ಬಿಳಿ ಬಟ್ಟೆ ಹಾಸಿ, ತಟ್ಟೆಯಲ್ಲಿ ಬೆರಳುದ್ದದ ಒಂದು ತಿಳಿಗುಲಾಬಿ ಕ್ರೇಯಾನ್ ಇಟ್ಟಿದ್ದರು. ಅದಕ್ಕೆ ಮಲ್ಲಿಗೆಯ ಗಜರೆ ಸುತ್ತಿದ್ದರು.

"ಯಾರ ಹುಟ್ಟುಹಬ್ಬರಿ?" ಅಂದೆ.

"ಹುಟ್ಟುಹಬ್ಬ ಅಲ್ಲ ಮಾವಶಿ, ಬೀಳ್ಕೊಡುಗೆ," ಅಂದರು ಹೆಡ್ ಮೇಡಮ್. ಅವರು ವಿಜಯಪುರದ ಕಡೆಯವರು, ನನ್ನ ಹತ್ತಿರ ಕನ್ನಡದಲ್ಲೇ ಮಾತು. "ಈ ಸ್ಕಿನ್ ಕಲರ್ ಇನ್ನ ಡಬ್ಬ್ಯಾಗ ಬರಂಗಿಲ್ಲ. ಕಂಪನಿಯವ್ರು ನಿಲ್ಸ್ಯಾರ. ನಮ್ಮ ಮಂದಿ ಮೈ ಎಲ್ಲೈತ್ರಿ ಆ ಬಣ್ಣ? ಆದ್ರೂ ಪಾಪ, ಇಷ್ಟ ವರ್ಷ ಮಕ್ಕಳ ಜೋಡಿ ಇತ್ತು."

ಮಕ್ಕಳ ಜೋಡಿ ನಾನೂ ಇದ್ದೆ.

ಒಬ್ಬ ಟೀಚರು ಎದ್ದುನಿಂತು ಮರಾಠಿಯಲ್ಲಿ ಭಾಷಣ ಮಾಡಿದಳು. ಈ ಬಣ್ಣ ಎಂದೂ ರಜೆ ಕೇಳಲಿಲ್ಲವಂತೆ. ಎಷ್ಟು ತಿಕ್ಕಿದರೂ ಬೇಸರ ಮಾಡಿಕೊಳ್ಳಲಿಲ್ಲವಂತೆ. ಮಕ್ಕಳು ಚಪ್ಪಾಳೆ ಹೊಡೆದರು, ಒಂದು ಹುಡುಗಿ ಅತ್ತೇಬಿಟ್ಟಳು. ನೆಲಕ್ಕೆ ಮೆತ್ತಿದ ಆ ಬಣ್ಣವನ್ನು ಚಮಚದಿಂದ ಕೆರೆದು ತೆಗೆಯುತ್ತಿದ್ದವಳು ನಾನು, ಬಾಗಿಲಲ್ಲೇ ನಿಂತಿದ್ದೆ.

"ಸ್ವಲ್ಪ ಆ ಕಡೆ ಸರೀರಿ ಮಾವಶಿ, ಫೋಟೋದಾಗ ಬರಾಕತ್ತೀರಿ," ಅಂದರು ಮೇಡಮ್.

ಸರಿದೆ. ಫೋಟೋ ಆಯಿತು, ಪೇಢೆ ಹಂಚಿದರು. ಮಕ್ಕಳು ಒಬ್ಬೊಬ್ಬರೇ ಹೊರಟರು. ನೆಲದ ಮೇಲೆ ಒಡೆದ ಬಲೂನು, ಪೇಢೆಯ ಕಾಗದ.

"ಮಾವಶಿ, ಹೊಸಾಕಿ ಇವತ್ತ ಬಂದಿಲ್ಲ. ಇದೊಂದೀಟು ಕಸಾ ಹೊಡೀತೀರೇನ್ರಿ?"

"ನಾ ರಿಟೈರ್ ಆಗೇನ್ರಿ," ಅಂದೆ. "ಆ ಬಣ್ಣದ ಕಡ್ಡಿಗೆ ಹೇಳ್ರಿ. ಅದರ ಡ್ಯೂಟಿ ಇವತ್ತಿನ ತನಕ ಅದ."

ಮೇಡಮ್ ನಕ್ಕರು. ನಾನು ನಗಲಿಲ್ಲ. ಮೇಜಿನ ಹತ್ತಿರ ಹೋಗಿ ಕ್ರೇಯಾನಿನಿಂದ ಗಜರೆ ಬಿಚ್ಚಿದೆ. ಗಂಡ ಸತ್ತ ಮೇಲೆ ನಾನು ಹೂವು ಮುಡಿದವಳಲ್ಲ. ಮೇಡಮ್, ಟೀಚರು ಎಲ್ಲರ ಎದುರಿಗೇ ತುರುಬಿಗೆ ಸಿಕ್ಕಿಸಿಕೊಂಡೆ. ಮೊಮ್ಮಗಳ ಕೈ ಹಿಡಿದು ಹೊರಬಿದ್ದೆ.

ರಸ್ತೆಗೆ ಬಂದ ಮೇಲೆ ಅವಳು ಜಗ್ಗಿ ನಿಲ್ಲಿಸಿದಳು.

"ಅಜ್ಜೀ, ಆ ಹೂವು ಸ್ಕಿನ್ ಕಲರ್ ಕಡ್ಡೀದು!"

"ಅದಕ್ಕೇನ ತುರುಬು ಅದ ಏನ? ನಡಿ."